ಕಡಿಮೆ ಬಜೆಟ್‌ನಲ್ಲಿ ಗೇಮಿಂಗ್ ಪಿಸಿ ಜೋಡಿಸುವಾಗ ಯಾವ ಭಾಗಕ್ಕೆ ಜಾಸ್ತಿ ದುಡ್ಡು ಹಾಕಬೇಕು?

ಗ್ರಾಫಿಕ್ಸ್ ಕಾರ್ಡ್‌ಗೆ. ಬಜೆಟ್‌ನ ಮೂರನೇ ಒಂದು ಪಾಲನ್ನಾದರೂ ಮೊದಲು ಅದಕ್ಕೇ ಎತ್ತಿಡಿ. ಉಳಿದದ್ದನ್ನು ಆಮೇಲೆ ಹಂಚಿ.

ಆಟದಲ್ಲಿ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗುಲಿತು ಅನ್ನೋ ಲೆಕ್ಕ ಪ್ರೊಸೆಸರ್‌ನದು. ಅದನ್ನು ಚಿತ್ರವಾಗಿ ಬಿಡಿಸೋದು ಗ್ರಾಫಿಕ್ಸ್ ಕಾರ್ಡ್. 1920×1080ರ ಮಾನಿಟರ್‌ನಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಪ್ರತಿ ಸೆಕೆಂಡೂ 12 ಕೋಟಿಗಿಂತ ಜಾಸ್ತಿ ಚುಕ್ಕೆಗಳಿಗೆ ಬಣ್ಣ ತುಂಬಬೇಕು! ಇಲ್ಲಿ ಕಾರ್ಡ್ ಸೋತರೆ ಎಷ್ಟೇ ದುಬಾರಿ ಪ್ರೊಸೆಸರ್ ಇದ್ದರೂ ಅದು ಸುಮ್ನೆ ಕಾಯುತ್ತಾ ಕೂರುತ್ತದೆ.

ಹಾಗಾಗಿ ಪ್ರೊಸೆಸರ್ ರೈಜನ್ 5 5600 ತರಹದ ಆರು ಕೋರಿನದು ಸಾಕು. ರ‍್ಯಾಮ್ 16 ಜಿಬಿಯದು ಒಂದೇ ಬೇಡ, 8 ಜಿಬಿಯ ಎರಡು ಹಾಕಿ. ಡೇಟಾ ಎರಡು ದಾರಿಯಲ್ಲಿ ಒಟ್ಟಿಗೆ ಓಡುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನಲ್ಲಿ ನಾಲ್ಕು ಅಂಗಡಿ ಸುತ್ತಿ ಬೆಲೆ ಕೇಳಿ. ಉಳಿಸಿದ ದುಡ್ಡು ಕಾರ್ಡ್‌ಗೇ ಹೋಗಲಿ.

ಎಸ್‌ಎಂಪಿಎಸ್ (ಪಿಸಿಯ ಎಲ್ಲ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ವಿಷಯದಲ್ಲಿ ಮಾತ್ರ ದಯವಿಟ್ಟು ಜಿಪುಣತನ ಬೇಡ. ಕ್ಯಾಬಿನೆಟ್ ಜೊತೆಗೇ ಬರುವ ಹೆಸರಿಲ್ಲದ್ದು ಕೆಟ್ಟರೆ ಬೇರೆ ಭಾಗಗಳನ್ನೂ ಸುಟ್ಟುಹಾಕಬಹುದು. ಒಳ್ಳೆ ಕಂಪನಿಯ 550 ವಾಟಿನದು ಈ ಮಟ್ಟದ ಪಿಸಿಗೆ ಸಾಮಾನ್ಯವಾಗಿ ಸಾಕಾಗುತ್ತದೆ.

ಎಲ್ಲ ಜೋಡಿಸಿದ ಮೇಲೂ ಪರದೆ ಕಪ್ಪಾಗೇ ಇದ್ದರೆ ಗಾಬರಿಯಾಗಬೇಡಿ. ಮೊದಲು ಹಿಂದೆ ತಿರುಗಿಸಿ ನೋಡಿ, ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡ್‌ಗೆ ಸಿಕ್ಕಿಸಿದ್ದೀರಾ ಅಂತ. ರೈಜನ್ 5 5600 ಪ್ರೊಸೆಸರ್‌ನ ಒಳಗೆ ಗ್ರಾಫಿಕ್ಸ್ ಇಲ್ಲ ಅಲ್ವಾ, ಹಾಗಾಗಿ ಕೇಬಲ್ ಕಾರ್ಡ್‌ಗೇ ಸಿಕ್ಕಿಸಬೇಕು.