ರಾಟ್‌ವೀಲರ್ ಅಂದ್ರೆ ಎಲ್ಲರೂ ಯಾಕೆ ಹೆದರಿಸ್ತಾರೆ?

ರಾಟ್‌ವೀಲರ್ ಮರಿ ತರಬೇಕು ಅಂತ ಆಸೆ, ಮನೆಯಲ್ಲಿ ಆರು ವರ್ಷದ ಮಗು, ಇದುವರೆಗೆ ನಾಯಿ ಸಾಕಿಲ್ಲ, ತಳಿಯ ಹೆಸರು ಎತ್ತಿದರೆ ಸಾಕು ಎಲ್ಲರೂ ಹೆದರಿಸುತ್ತಾರೆ, ಇದರಲ್ಲಿ ನಿಜ ಎಷ್ಟು ಅಂತ ಕೇಳಿದ್ದೀರಿ. ಅರ್ಧ ನಿಜ. ಯಾವ ಅರ್ಧ ಅನ್ನೋದು ಮುಖ್ಯ.

ನಾಯಿಗಳಿಗೆ ತರಬೇತಿ ಕೊಡೋದು ನನ್ನ ಕೆಲಸ. ಕೈ ಮೇಲಿನ ಗಾಯದ ಗುರುತುಗಳಲ್ಲಿ ಜಾಸ್ತಿ ಪುಟ್ಟ ನಾಯಿಗಳದ್ದೇ. ಸೋಫಾ ಕೆಳಗೆ ಸೇರಿಕೊಂಡ ಡ್ಯಾಶ್‌ಹೌಂಡನ್ನು ಎಳೆದು ತೆಗೆಯಲು ಹೋಗಿ ನೋಡಿ, ಗೊತ್ತಾಗುತ್ತೆ. ಆದರೆ ಅದು ಕಚ್ಚಿದರೆ ಡೆಟಾಲ್ ಹಚ್ಚಿ, ಇಂಜೆಕ್ಷನ್ ತಗೊಂಡು ಮನೆಗೆ ಬರುತ್ತೀರಿ. ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಐವತ್ತು ಕಿಲೋ ತೂಗುವ ನಾಯಿ ಅದೇ ಸಿಟ್ಟಿನಲ್ಲಿ ಅದೇ ಕೆಲಸ ಮಾಡಿದರೆ ಕಥೆ ಬೇರೆ. ಕಚ್ಚುವ ಸ್ವಭಾವ ಎಷ್ಟಿದೆ ಅನ್ನೋದು ಒಂದು ಪ್ರಶ್ನೆ, ಕಚ್ಚಿದರೆ ಎಷ್ಟು ಹಾನಿ ಅನ್ನೋದು ಇನ್ನೊಂದು. ಜನ ಎರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದರಲ್ಲಿ ತಳಿಯ ಪಾಲು ಅಂದುಕೊಂಡಷ್ಟಿಲ್ಲ. 2021ರಲ್ಲಿ ಫಿನ್‌ಲೆಂಡಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಸಾಕುನಾಯಿಗಳ ಬಗ್ಗೆ ಮಾಲೀಕರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ, ಮನುಷ್ಯರ ಮೇಲೆ ಗುರ್ ಅನ್ನೋದು, ಕಚ್ಚೋದು ಇದರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ರಫ್ ಕೋಲಿ. ಅದೇ, ಉದ್ದ ಕೂದಲಿನ ಚೂಪು ಮೂತಿಯ ಸಾಧು ಮುಖದ ನಾಯಿ. ಅದರ ಹಿಂದೆ ಮಿನಿಯೇಚರ್ ಪೂಡಲ್. ದೊಡ್ಡ ನಾಯಿಗಳಿಗಿಂತ ಚಿಕ್ಕವೇ ಮುಂದೆ, ಅದಕ್ಕಿಂತ ಮುಖ್ಯವಾಗಿ ಪುಕ್ಕಲು ನಾಯಿಗಳು ಉಳಿದವಕ್ಕಿಂತ ಹಲವು ಪಟ್ಟು ಮುಂದೆ. ಮರುವರ್ಷ ಅಮೆರಿಕದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮೇಲೆ ನಡೆದ ಇನ್ನೊಂದು ದೊಡ್ಡ ಅಧ್ಯಯನದ ಪ್ರಕಾರ, ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರ. ಬೇಗ ಕೆರಳುತ್ತದೋ ಇಲ್ಲವೋ ಅನ್ನೋದನ್ನಂತೂ ತಳಿ ನೋಡಿ ಹೇಳೋಕೇ ಆಗಲ್ಲ.

ಹಾಗಂತ "ತಳಿ ಗಿಳಿ ಏನಿಲ್ಲ, ಎಲ್ಲಾ ಸಾಕೋ ರೀತಿ" ಅನ್ನುವವರ ಮಾತನ್ನೂ ನಾನು ಒಪ್ಪಲ್ಲ. ಕಾದಾಟಕ್ಕೆ ಅಂತ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಪಿಟ್‌ಬುಲ್ ಥರದ ನಾಯಿಗಳಲ್ಲಿ ಬೇರೆ ನಾಯಿಯನ್ನು ಕಂಡರೆ ಮೈಮೇಲೆ ಬೀಳೋದು ಜಾಸ್ತಿ, ಅದೇ ನಾಯಿ ಮನುಷ್ಯರ ತೊಡೆ ಮೇಲೆ ತಲೆಯಿಟ್ಟು ಮಲಗಬಹುದು. ರಾಟ್‌ವೀಲರ್ ದನ ಅಟ್ಟೋಕೆ, ಕಾವಲಿಗೆ ಬೆಳೆಸಿದ ನಾಯಿ. ಹೊಸಬರ ಮೇಲೆ ಅನುಮಾನ ಅದಕ್ಕೆ ರಕ್ತದಲ್ಲೇ ಇದೆ. ಇನ್ನು ಹಾನಿಯ ಲೆಕ್ಕ: ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ದಾಳಿಯಿಂದ ಸತ್ತವರ ಪ್ರಕರಣಗಳಲ್ಲಿ ತಳಿ ಗೊತ್ತಾದ 238ನ್ನು ನೋಡಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದ್ದದ್ದು ಪಿಟ್‌ಬುಲ್ ಥರದವು ಮತ್ತು ರಾಟ್‌ವೀಲರ್. ಭಯ ಹುಟ್ಟಿದ್ದು ಸುಮ್ನೆ ಅಲ್ಲ. ಆದರೆ ಒಟ್ಟು ಆ ತಳಿಯ ನಾಯಿಗಳು ಎಷ್ಟಿದ್ದವು ಅಂತ ಯಾರೂ ಎಣಿಸಿರಲಿಲ್ಲ. ಹಾಗಾಗಿ ಈ ಲೆಕ್ಕ ಹಿಡಿದು ತಳಿ ನಿಷೇಧಿಸೋದು ಸರಿಯಲ್ಲ ಅಂತ ಅದನ್ನು ಬರೆದವರೇ ಹೇಳಿದ್ದಾರೆ. ಬ್ರಿಟನ್ 1991ರಲ್ಲೇ ಪಿಟ್‌ಬುಲ್ ಸೇರಿ ನಾಲ್ಕು ತಳಿ ನಿಷೇಧಿಸಿತು. ನಾಯಿ ಕಚ್ಚಿ ಆಸ್ಪತ್ರೆ ಸೇರುವವರ ಸಂಖ್ಯೆ ಆಮೇಲೂ ಏರುತ್ತಲೇ ಹೋಯಿತು.

ನಿಮ್ಮ ಮನೆಗೆ ಬೇಕಾದ ವಿಷಯ ಇಲ್ಲಿದೆ. ನಾಯಿ ಏಕಾಏಕಿ ಕಚ್ಚಿತು ಅನ್ನುವವರ ಮನೆಯಲ್ಲಿ ನಾನು ಸಾಮಾನ್ಯವಾಗಿ ನೋಡೋದು ಇದನ್ನೇ. ನಾಯಿ ತಿನ್ನುತ್ತಿರುತ್ತೆ, ಮಗು ಹತ್ತಿರ ಬರುತ್ತೆ. ನಾಯಿ ಅಗಿಯೋದು ನಿಲ್ಲಿಸುತ್ತೆ, ಕುತ್ತಿಗೆ ತಟ್ಟೆಯ ಮೇಲೇ ಗಟ್ಟಿಯಾಗುತ್ತೆ, ತಲೆ ತಿರುಗಿಸದೆ ಕಣ್ಣು ಮಾತ್ರ ಹೊರಳಿಸುತ್ತೆ, ಕಣ್ಣಂಚಿನಲ್ಲಿ ಬಿಳಿ ಕಾಣುತ್ತೆ. ಯಾರೂ ಗಮನಿಸಲ್ಲ. ಆಮೇಲೆ ಗುರ್ ಅನ್ನುತ್ತೆ. ಆಗ ಎಲ್ಲರೂ ಸೇರಿ ನಾಯಿಗೆ ಬಾರಿಸುತ್ತಾರೆ, ಮಗುವನ್ನು ಯಾರೂ ದೂರ ಕರೆದುಕೊಂಡು ಹೋಗಲ್ಲ. ಹೀಗೆ ನಾಲ್ಕಾರು ಸಲ ಆದರೆ ನಾಯಿ ಗುರ್ ಅನ್ನೋದು ಬಿಡುತ್ತೆ. ಒಳಗಿನ ಕಿರಿಕಿರಿ ಹಾಗೇ ಇರುತ್ತೆ, ಮುಂದಿನ ಸಲ ನೇರ ಬಾಯಿ ಹಾಕುತ್ತೆ. ಇದು ಯಾವ ತಳಿಯಲ್ಲಾದರೂ ಆಗುತ್ತೆ. ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತೆ ಅನ್ನೋದು ನೆನಪಿರಲಿ. ಲ್ಯಾಬ್ರಡಾರ್ ಆದರೂ ಸರಿ, ಮಗುವಿನ ಜೊತೆ ಒಂಟಿಯಾಗಿ ಬಿಡಬೇಡಿ.

ನನ್ನನ್ನು ಕೇಳಿದರೆ, ಮೊದಲ ನಾಯಿಯಾಗಿ ರಾಟ್‌ವೀಲರ್ ಬೇಡ. ಅದು ಕೆಟ್ಟ ನಾಯಿ ಅಂತಲ್ಲ. ಸಣ್ಣ ನಾಯಿಯ ಜೊತೆ ಮಾಡುವ ಸಣ್ಣಪುಟ್ಟ ತಪ್ಪು ತಿದ್ದಿಕೊಳ್ಳೋಕೆ ಸಮಯ ಸಿಗುತ್ತೆ, ಇದರ ಜೊತೆ ಸಿಗಲ್ಲ. ಅದು ಬೆಲ್ಟು ಎಳೆದರೆ ಮನೆಯಲ್ಲಿ ಎಷ್ಟು ಜನ ಹಿಡಿದು ನಿಲ್ಲಬಲ್ಲಿರಿ, ಯೋಚಿಸಿ. (ಕಾವಲಿಗೆ ಅಂತ ತಂದು ಇಡೀ ದಿನ ಚೈನಿನಲ್ಲಿ ಕಟ್ಟಿಹಾಕುವ ಯೋಚನೆ ಇದ್ದರೆ ಯಾವ ನಾಯಿಯೂ ಬೇಡ.)

ಇಷ್ಟಾದ ಮೇಲೂ ಅದೇ ಬೇಕು ಅಂದರೆ, ಮರಿಗಿಂತ ಮೊದಲು ಅದರ ತಾಯಿಯನ್ನು ನೋಡಿ. ನೀವು ಹತ್ತಿರ ಹೋದಾಗ ಅದು ಹೇಗೆ ನಡೆದುಕೊಳ್ಳುತ್ತೆ, ಹೆದರಿ ಹಿಂದೆ ಸರಿಯುತ್ತಾ, ಬಂದು ಮೂಸುತ್ತಾ, ಗಮನಿಸಿ. ಪುಕ್ಕಲುತನ ತಾಯಿಯಿಂದ ಮರಿಗೆ ಬರುತ್ತೆ. ಮೂರನೇ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೇ ವಾರದವರೆಗೆ ಮರಿ ನೋಡಿದ್ದು, ಮುಟ್ಟಿದ್ದು, ಕೇಳಿದ್ದೆಲ್ಲ ಅದರ ಪಾಲಿಗೆ ಮಾಮೂಲಾಗುತ್ತೆ, ಹಾಗಾಗಿ ಆ ವಾರಗಳಲ್ಲಿ ಮಕ್ಕಳು, ಛತ್ರಿ, ಗಾಡಿ ಸದ್ದು, ಮುದುಕರು, ಬೇರೆ ನಾಯಿ ಎಲ್ಲದರ ಪರಿಚಯ ನಿಧಾನವಾಗಿ ಆಗಬೇಕು. ಮಾರುವವರು ಏನೋ ನೆಪ ಹೇಳಿ ತಾಯಿಯನ್ನು ತೋರಿಸದಿದ್ದರೆ, ಮರಿ ಎಷ್ಟೇ ಮುದ್ದಾಗಿದ್ದರೂ ಬಿಟ್ಟು ಬನ್ನಿ.