ಕರಿಬೇವಿನ ಹಸಿರು ಹುಳಕ್ಕೆ ಔಷಧಿ ಹೊಡೀಬೇಡಿ ಮೇಡಂ

ಮೇಡಂ, ದಯವಿಟ್ಟು ಇವತ್ತು ಏನೂ ಹೊಡೀಬೇಡಿ. "ಕರಿಬೇವಿಗೆ ಹಸಿರು ಹುಳ ಬಂದಿದೆ, ಯಾವ ಸ್ಪ್ರೇ ಒಳ್ಳೇದು" ಅಂತ ಕೇಳಿ ಫೋಟೋ ಹಾಕಿದೀರಲ್ಲ, ಅದು ಕಾಮನ್ ಮಾರ್ಮನ್ ಚಿಟ್ಟೆ ಮರಿ. ಮೇಲಿನ ಎಲೆ ಮೇಲೆ ಹಕ್ಕಿ ಹಿಕ್ಕೆ ತರ ಕಪ್ಪು ಬಿಳುಪು ಕೂತಿದ್ಯಲ್ಲ ಅದೂ ಅದೇ, ಚಿಕ್ಕದು, ದೊಡ್ಡದಾದ್ಮೇಲೆ ಹಸಿರಾಗುತ್ತೆ. ಅದೇ ಪೋಸ್ಟಲ್ಲಿ ಕೆಳಗಡೆ "ಚಿಟ್ಟೆ ಬರ್ಲಿ ಅಂತ ಆರು ಪಾಟ್ ಪೆಂಟಾಸ್ ಹೂಗಿಡ ಇಟ್ಟಿದೀನಿ, ಒಂದು ಚಿಟ್ಟೇನೂ ನಿಲ್ತಿಲ್ಲ" ಅಂತ ಬರ್ದಿದೀರಿ. ಬಂದಿದೆ ಮೇಡಂ. ಬಂದು ನಿಮ್ಮ ಕರಿಬೇವಲ್ಲಿ ಮೊಟ್ಟೆ ಇಟ್ಟು ಹೋಗಿದೆ. ಪೆಂಟಾಸ್ ಬರೀ ಹೋಟ್ಲು, ಕರಿಬೇವು ಬಾಣಂತಿ ಮನೆ.

ಕೆಳಗೆ ನಾಲ್ಕು ಜನ ಆಗ್ಲೇ ನಾಲ್ಕು ಔಷಧಿ ಹೆಸರು ಹೇಳಿಬಿಟ್ಟಿದಾರೆ, ಅದನ್ನ ನೋಡೇ ಟೈಪ್ ಮಾಡ್ತಿರೋದು. ಯಾಕಂದ್ರೆ ನಾನು ಇದೇ ತಪ್ಪು ಮಾಡಿದೀನಿ. ಮೈಸೂರಲ್ಲಿ ಈ ಮನೆಗೆ ಬಂದ ಹೊಸತು, ಹಿತ್ತಲಲ್ಲಿ ಆಳೆತ್ತರದ ಕರಿಬೇವಿತ್ತು, ಮಳೆ ಶುರುವಾಗಿ ಚಿಗುರು ಬಂದ ತಕ್ಷಣ ಹುಳ. ಗೊಬ್ಬರದ ಅಂಗಡಿಗೆ ಹೋಗಿ ಕೇಳ್ದೆ, ಕೊಟ್ರು, ಅವರು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಕಲಸಿ ಸಂಜೆ ಹೊಡ್ದೆ. ಬೆಳಗ್ಗೆ ಅಮ್ಮ ಮೊರದ ತುಂಬ ಹುಳ ಗುಡಿಸಿ ಹಾಕಿದ್ರು. ಪಕ್ಕದ ಬಟರ್ ಫ್ರೂಟ್ ಗಿಡದಲ್ಲಿ ಎರಡು ಎಲೆ ಹೊಲ್ಕೊಂಡು ಟುವ್ವಿ ಹಕ್ಕಿ ಗೂಡು ಕಟ್ಟಿತ್ತು, ಅದರ ಗಂಡು ಹೆಣ್ಣು ಎರಡೂ ಬೆಳಗ್ಗಿಂದ ಸಂಜೆವರೆಗೂ ಇದೇ ಕರಿಬೇವಿಂದ ಹುಳ ಹೆಕ್ಕಿ ಮರಿಗಳ ಬಾಯಿಗೆ ಹಾಕ್ತಿದ್ವು, ನಾನು ದಿನಾ ನೋಡ್ತಿದ್ದೆ, ಆದ್ರೂ ಔಷಧಿ ಹೊಡೆಯೋವಾಗ ನನ್ನ ತಲೆಗೆ ಹೊಳೀಲಿಲ್ಲ. ಮೂರನೇ ದಿನ ಗೂಡಲ್ಲಿ ಸದ್ದಿಲ್ಲ. ಬಗ್ಗಿಸಿ ನೋಡಿದ್ರೆ ಮೂರೂ ಮರಿ ಸತ್ತಿದ್ವು, ಹಸಿವಿಗೋ ವಿಷಕ್ಕೋ. ಅಮ್ಮ ಆ ಮಳೆಗಾಲ ಪೂರ್ತಿ ಆ ಗಿಡದ ಸೊಪ್ಪು ಒಗ್ಗರಣೆಗೆ ಮುಟ್ಟಲಿಲ್ಲ.

ಅಷ್ಟಾದ್ಮೇಲೂ ಗಿಡ ಚೆನ್ನಾಗಾಯ್ತಾ? ಇಲ್ಲ. ತಿಂಗಳೊಳಗೆ ಹೊಸ ಚಿಗುರಿಗೆ ಸಸ್ಯಹೇನು, ಹಿಟ್ಟು ತಿಗಣೆ, ಎಲೆಯೆಲ್ಲ ಅಂಟಂಟು, ಅದರ ಮೇಲೆ ಕಪ್ಪು ಮಸಿ. ಮುಂಚೆ ಅದನ್ನ ತಿನ್ನೋಕೆ ಗುಲಗಂಜಿ ಹುಳ ಇದ್ವು, ಅವೂ ಔಷಧಿಗೆ ಹೋಗಿದ್ವು. ಹೇನು ವಾರದಲ್ಲಿ ವಾಪಸ್ ತುಂಬ್ಕೊಳ್ಳುತ್ತೆ, ಅದನ್ನ ತಿನ್ನೋ ಹುಳ ಅಷ್ಟು ಬೇಗ ಬರಲ್ಲ. ಇದನ್ನ ತಲೇಲಿಟ್ಕೊಳಿ, ಒಂದ್ಸಲ ಹೊಡೆದ್ರೆ ಹೊಡೀತಾನೇ ಇರ್ಬೇಕಾಗುತ್ತೆ.

ಈಗ ನಾನು ಮಾಡೋದು ಹೇಳ್ತೀನಿ. ಗಿಡ ಎರಡು ಇಟ್ಕೊಳಿ, ಒಂದು ಅಡುಗೆಗೆ, ಒಂದು ಚಿಟ್ಟೆಗೆ. ದುಡ್ಡು ಕೊಟ್ಟು ತರೋದು ಬೇಡ, ದೊಡ್ಡ ಕರಿಬೇವಿನ ಬೇರಿಂದ ಮರಿ ಏಳ್ತಾನೇ ಇರುತ್ತೆ, ಬೇರು ಸಮೇತ ಕಿತ್ತು 12 ಇಂಚಿನ ಗ್ರೋ ಬ್ಯಾಗಿಗೆ ಹಾಕಿ. ಇಲ್ಲಾಂದ್ರೆ ಪಾನಕಕ್ಕೆ ಹಿಂಡಿದ ನಿಂಬೆ ಬೀಜ ಊರಿ, ಅದನ್ನೂ ತಿನ್ನುತ್ತೆ, ಲೈಮ್ ಬಟರ್‌ಫ್ಲೈ ಕೂಡ ಬರುತ್ತೆ. ಅಡುಗೆ ಗಿಡಕ್ಕೆ ಹಳೇ ಸೊಳ್ಳೆಪರದೆ ಹೊದಿಸಿ, ಬುಡದಲ್ಲಿ ದಾರ ಕಟ್ಟಿ. ಈಗಾಗ್ಲೇ ಇರೋ ಹುಳನ ಕೈಯಲ್ಲಿ ಎಳೀಬೇಡಿ, ರೇಷ್ಮೆ ಎಳೆ ಹಾಸಿ ಅದಕ್ಕೆ ಕಾಲು ಕಚ್ಕೊಂಡಿರುತ್ತೆ, ಕಿತ್ತು ಬರುತ್ತೆ. ಕೂತಿರೋ ಕಡ್ಡಿ ಸಮೇತ ಕತ್ತರಿಸಿ ಇನ್ನೊಂದು ಗಿಡಕ್ಕೆ ಸಿಕ್ಕಿಸಿ, ತಾನೇ ಹತ್ಕೊಳ್ಳುತ್ತೆ. ಒಂದಿನ ತಿನ್ನದೆ ಅಲ್ಲಾಡದೆ ಕೂತಿದ್ರೆ ಪೊರೆ ಬಿಡ್ತಿದೆ ಅಂತ, ಆಗ ಮುಟ್ಟಲೇಬಾರದು. ಮುಟ್ಟಿದಾಗ ತಲೆ ಹಿಂದಿಂದ ಕೆಂಪು ಕೊಂಬು ತೆಗೆದು ವಾಸನೆ ಬಿಡುತ್ತೆ, ಹೆದರ್ಕೋಬೇಡಿ, ಕಚ್ಚಲ್ಲ, ತುರಿಸಲ್ಲ. (ಕೂದಲಿರೋ ಕಂಬಳಿಹುಳ ಬೇರೆ, ಅದನ್ನ ಬರಿಗೈಲಿ ಮುಟ್ಟಬೇಡಿ.)

ಒಂದಡಿ ಗಿಡಕ್ಕೆ ಹತ್ತು ಹುಳ ಬಿದ್ರೆ ಬೋಳಾಗುತ್ತೆ, ಸುಳ್ಳು ಹೇಳಲ್ಲ. ಬೇರು ಗಟ್ಟಿ ಇದ್ರೆ ಮತ್ತೆ ಚಿಗುರುತ್ತೆ, ಒಂದು ಬೊಗಸೆ ಕಾಂಪೋಸ್ಟು, ಹದಿನೈದು ದಿನಕ್ಕೊಂದ್ಸಲ ನೀರು ಬೆರೆಸಿದ ಹುಳಿ ಮಜ್ಜಿಗೆ ಬುಡಕ್ಕೆ ಹಾಕಿ. ಹಾಗಂತ ಹುಳನ ಮುಚ್ಚಳದ ಡಬ್ಬಿಗೆ ಹಾಕಿ ಮಕ್ಕಳಿಗೆ ಕೊಡಬೇಡಿ, ಬೆವರಿ ಕೊಳೆತು ಸಾಯುತ್ತೆ. ಎಲ್ಲಾ ಹುಳನೂ ಚಿಟ್ಟೆ ಆಗಲ್ಲ, ಹಕ್ಕಿ ತಿನ್ನುತ್ತೆ, ಓತಿಕ್ಯಾತ ತಿನ್ನುತ್ತೆ, ಪೊರೆಹುಳದಿಂದ (ಚಿಟ್ಟೆ ಆಗೋಕೆ ಮುಂಚೆ ಅಲ್ಲಾಡದೆ ಕೂತಿರೋ ಪ್ಯೂಪಾ) ಸಣ್ಣ ಕಣಜ ತೂತು ಮಾಡ್ಕೊಂಡು ಬರುತ್ತೆ, ಅಂಥ ಕಣಜಗಳೇ ನಿಮ್ಮ ಟೊಮ್ಯಾಟೊ ಹುಳನೂ ಕಡಿಮೆ ಮಾಡೋದು. ಬಿಡಿ, ತಿನ್ಲಿ.

"ಆರ್ಗ್ಯಾನಿಕ್ ಹೊಡೀರಿ, ಏನೂ ಆಗಲ್ಲ" ಅಂದಿರೋ ಸರ್, ನೀವು ಹೇಳಿದ್ದು ತಪ್ಪು. ಬೇವಿನೆಣ್ಣೆ ಬಾಟ್ಲಿ ಮೇಲೆ 1500 ಪಿಪಿಎಂ, 10000 ಪಿಪಿಎಂ ಅಂತ ಇರುತ್ತಲ್ಲ, ಅದು ಬೇವಲ್ಲಿರೋ ಅಜಾಡಿರಾಕ್ಟಿನ್ ಅನ್ನೋ ಅಂಶದ ಲೆಕ್ಕ, ಹುಳಕ್ಕೆ ಪೊರೆ ಬಿಡೋಕೇ ಆಗದ ಹಾಗೆ ಮಾಡುತ್ತೆ. ಡೈಪೆಲ್, ಡೆಲ್ಫಿನ್ ಅಂತ ಬರೋ ಬಿಟಿ ಪುಡಿ (ಬ್ಯಾಕ್ಟೀರಿಯಾದಿಂದ ಮಾಡಿದ ಹುಳದ ಔಷಧಿ) ಕೋಸಿಗೆ ನಾನೇ ಬಳಸ್ತೀನಿ, ಒಳ್ಳೇ ಮಾಲು, ಆದ್ರೆ ಅದಕ್ಕೆ ಕೋಸಿನ ಹುಳ ಯಾವ್ದು ಚಿಟ್ಟೆ ಹುಳ ಯಾವ್ದು ಅಂತ ಗೊತ್ತಾಗಲ್ಲ, ತಿಂದಿದ್ದೆಲ್ಲ ಸಾಯುತ್ತೆ. ಹಿಟ್ಟು ತಿಗಣೆಗೆ ಮೊದ್ಲು ಪೈಪ್ ನೀರು ಜೋರಾಗಿ ಬಿಡಿ, ಆಮೇಲೆ ಬೇಕಿದ್ರೆ ಬಾರ್ ಸೋಪಿನ ನೀರು ಬಟ್ಟೆಯಲ್ಲಿ ಒರೆಸಿ, ಸಾಕು. ಇನ್ನೊಂದು, ನರ್ಸರಿಯಿಂದ ನಿಂಬೆ ಗಿಡ ತಂದ ತಕ್ಷಣ ಚಿಟ್ಟೆಗೆ ಬಿಡಬೇಡಿ, ಗಿಡದೊಳಗೇ ಇಳಿಯೋ ಔಷಧಿ ಹಾಕಿರ್ತಾರೆ ಕೆಲವು ಕಡೆ. ನಾನು ಒಂದು ಕಸಿ ಗಿಡ ತಂದಾಗ ಮೊಟ್ಟೆ ಒಡೆದು ಬಂದ ಮರಿ ಎಲ್ಲಾ ಎರಡೇ ದಿನಕ್ಕೆ ಉದುರಿದ್ವು. ಎರಡು ಸಲ ಚಿಗುರು ಬಂದು ಹೋಗೋವರೆಗೆ ಅದಕ್ಕೂ ಪರದೆ ಹಾಕಿಡಿ.

ಜಾಗ ಇದ್ರೆ ಗೇಟ್ ಹೊರಗೆ ಎಕ್ಕದ ಗಿಡ ಬಿಡಿ, ಪ್ಲೇನ್ ಟೈಗರ್ ಚಿಟ್ಟೆ ಗ್ಯಾರಂಟಿ, ಆದ್ರೆ ಅದರ ಹಾಲು ಕಣ್ಣಿಗೆ ಬೀಳಬಾರದು. ಗೋಡೆಗೆ ಪ್ಯಾಶನ್ ಫ್ರೂಟ್ ಹಬ್ಬಿಸಿದ್ರೆ ಟಾನಿ ಕಾಸ್ಟರ್. ಈಶ್ವರಿ ಬಳ್ಳಿ ಸಿಕ್ರೆ ಕ್ರಿಮ್ಸನ್ ರೋಸ್, ಮಲೆನಾಡಾದ್ರೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಅದೇ ಬಳ್ಳಿಗೇ ಬರೋದು. ಆದ್ರೆ ಕಾಡಿಂದ ಬಳ್ಳಿ ಕಿತ್ತು ತರಬೇಡಿ, ಹೋದ ತಿಂಗಳು ಇಲ್ಲೇ ಒಬ್ರು ಗೋಣಿ ತುಂಬ ತಂದು ಫೋಟೋ ಹಾಕಿದ್ರು, ನೋಡಿ ಬೇಜಾರಾಯ್ತು, ಅಲ್ಲಿ ಮೊಟ್ಟೆ ಇಡೋಕೆ ಬಂದ ಚಿಟ್ಟೆ ಎಲ್ಲಿಗೆ ಹೋಗ್ಬೇಕು? ಬೀಜ ಅಥವಾ ಒಂದು ಕಡ್ಡಿ ತನ್ನಿ. ಲಂಟಾನ ಯಾರು ಹೇಳಿದ್ರೂ ಹಾಕ್ಬೇಡಿ, ಬಂಡೀಪುರದ ಕಾಡಲ್ಲಿ ಅದು ಹಬ್ಬಿ ಬೇರೆ ಗಿಡ ಮುಚ್ಚಿ ಹಾಕಿರೋದು ಸಾಕು. ಅಂದ ಹಾಗೆ ಕರಿಬೇವಿಗೆ ಕ್ರಿಮ್ಸನ್ ರೋಸ್ ಮೊಟ್ಟೆ ಇಡ್ತಿದೆ ಅಂತ ಇನ್ನೊಬ್ರು ಬರ್ದಿದ್ರಲ್ಲ, ಅದು ಮಾರ್ಮನ್ ಹೆಣ್ಣೇ. ರೋಸ್ ಚಿಟ್ಟೆಗಳ ಮೈಯಲ್ಲಿ ವಿಷ ಇರೋದ್ರಿಂದ ಹಕ್ಕಿ ಮುಟ್ಟಲ್ಲ, ಇದು ಅದರ ವೇಷ ಹಾಕುತ್ತೆ.

ನೀರಿಗೆ ಮಣ್ಣಿನ ತಟ್ಟೆ, ಮಧ್ಯ ಕಲ್ಲು ಇಡಿ. ಎರಡು ದಿನಕ್ಕೊಮ್ಮೆ ಚೆಲ್ಲಿ ಅಂಚು ತಿಕ್ಕಿ ತುಂಬಿಸಿ, ಡೆಂಗೆ ಸೊಳ್ಳೆ ಮೊಟ್ಟೆ ಅಂಚಿಗೇ ಅಂಟಿರುತ್ತೆ, ಬರೀ ನೀರು ಬದಲಾಯಿಸಿದ್ರೆ ಹೋಗಲ್ಲ. ಇನ್ನೊಂದು ತಟ್ಟೇಲಿ ಚಿಟ್ಟೆ ಹೀರೋಕೆ ಒದ್ದೆ ಮಣ್ಣು, ಚಿಟಿಕೆ ಉಪ್ಪು.

ನಿಮ್ಮ ಎರಡನೇ ಫೋಟೋದಲ್ಲಿ ಕಿರುಬೆರಳಷ್ಟು ದಪ್ಪ ಇರೋದು ಇವತ್ತೋ ನಾಳೆನೋ ಗಿಡ ಬಿಟ್ಟು ಇಳಿಯುತ್ತೆ, ಪಾಟ್ ಅಂಚಿಗೋ ಗ್ರಿಲ್ಲಿಗೋ ಹೋಗಿ ಪೊರೆಹುಳ ಆಗುತ್ತೆ, ಹಸಿರೋ ಕಂದೋ ಇರುತ್ತೆ, ಒಣಗಿದ ಎಲೆ ತರ ಕಾಣುತ್ತೆ. ಮನೆ ಗುಡಿಸೋರಿಗೆ ಇವತ್ತೇ ಹೇಳಿಡಿ. ಹತ್ತು ಹನ್ನೆರಡು ದಿನ ಬಿಟ್ಟು ಬೆಳಗ್ಗೆ ಹೊತ್ತು ನೋಡ್ತಿರಿ, ಬಂದಾಗ ಫೋಟೋ ಹಾಕಿ.