ಮೊದಲ ಪ್ರಕ್ರಿಯೆಯ ಸುತ್ತ ಮುಗಿಯದ ವಾದ

ಪ್ರಶ್ನೆ: ಲಿನಕ್ಸ್ ಯಂತ್ರದ ಹಿನ್ನೆಲೆ ಸೇವೆಗಳನ್ನು ಆರಂಭಿಸಿ ನಡೆಸುವ ಸಿಸ್ಟಮ್‌ಡಿ, ಒಂದು ತಂತ್ರಾಂಶ ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬ ಯುನಿಕ್ಸ್ ತತ್ತ್ವಕ್ಕೆ ವಿರುದ್ಧವಾದದ್ದು ಎಂದು ಅನೇಕ ಅನುಭವಿಗಳು ಇಂದಿಗೂ ವಾದಿಸುತ್ತಾರೆ. ಅವರ ಮಾತಿನಲ್ಲಿ ಹುರುಳಿದೆಯೇ? ಅದಿಲ್ಲದ ಲಿನಕ್ಸ್ ವಿತರಣೆಗೆ ನಾನು ಬದಲಾಗಬೇಕೇ?

ಉತ್ತರ: ಹುರುಳಿದೆ, ಆದರೆ ಅದು ಸಾಮಾನ್ಯವಾಗಿ ಹೇಳಲಾಗುವ ಜಾಗದಲ್ಲಿಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್ ತಾನೇ ಆರಂಭಿಸುವ ಮೊದಲ ಬಳಕೆದಾರ ಪ್ರಕ್ರಿಯೆಯ ಸಂಖ್ಯೆ 1. ಇದನ್ನೇ ಇನಿಟ್ ಎನ್ನುತ್ತಾರೆ; ಸಿಸ್ಟಮ್‌ಡಿ ಅಂಥದೊಂದು ಇನಿಟ್. ಉಳಿದ ಸೇವೆಗಳನ್ನು ಶುರುಮಾಡುವುದೂ, ತಮ್ಮನ್ನು ಆರಂಭಿಸಿದ ಪ್ರಕ್ರಿಯೆ ಮುಗಿದು ಅನಾಥವಾದ ಪ್ರಕ್ರಿಯೆಗಳನ್ನು ವಹಿಸಿಕೊಳ್ಳುವುದೂ ಅದರ ಹೊಣೆ. ಅದು ನಿಂತರೆ ಇಡೀ ಯಂತ್ರವೇ ಕರ್ನಲ್ ಪ್ಯಾನಿಕ್‌ನಲ್ಲಿ ನಿಲ್ಲುತ್ತದೆ. ಆದ್ದರಿಂದ ಅದು ಚಿಕ್ಕದಾಗಿ, ಸರಳವಾಗಿ ಇರಬೇಕೆಂಬ ಕಾಳಜಿ ನ್ಯಾಯವಾದದ್ದೇ.

ಹಳೆಯ ಸಿಸ್ಟಮ್ ಫೈವ್ ಪದ್ಧತಿಯಲ್ಲಿ ಪ್ರತಿ ಸೇವೆಗೂ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಆದೇಶಗಳ ಕಡತ, ಇರುತ್ತಿತ್ತು. ಸೇವೆಯು ಹಿನ್ನೆಲೆಗೆ ಸರಿದು ತನ್ನ ಪ್ರಕ್ರಿಯಾ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಸೇವೆ ಸತ್ತು, ಅದೇ ಸಂಖ್ಯೆ ಮುಂದೆ ಬೇರೊಂದು ಪ್ರಕ್ರಿಯೆಗೆ ಸಿಕ್ಕಿದರೆ, ನಿಲ್ಲಿಸುವ ಆದೇಶ ಸಂಬಂಧವೇ ಇಲ್ಲದ ಪ್ರಕ್ರಿಯೆಯನ್ನು ಕೊಲ್ಲಬಹುದಿತ್ತು. ಲೆನ್ನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಮುಂದಿಟ್ಟ ಸಿಸ್ಟಮ್‌ಡಿ, ಕರ್ನಲ್‌ನ ಸಿಗ್ರೂಪ್ ಸೌಲಭ್ಯವನ್ನು ಬಳಸಿ ಸೇವೆಯನ್ನೂ ಅದರ ಎಲ್ಲ ಮರಿ ಪ್ರಕ್ರಿಯೆಗಳನ್ನೂ ಒಂದೇ ಗುಂಪಿನಲ್ಲಿಟ್ಟು ಈ ತೊಂದರೆಯನ್ನು ಬುಡದಲ್ಲೇ ಪರಿಹರಿಸಿತು. ಸೇವೆಗಿಂತ ಮೊದಲೇ ಅದಕ್ಕೆ ಸಂದೇಶ ಬರುವ ದ್ವಾರವಾದ ಸಾಕೆಟ್ ತೆರೆದಿಡುವುದರಿಂದ, ಪರಸ್ಪರ ಅವಲಂಬಿಸಿದ ಸೇವೆಗಳೂ ಏಕಕಾಲಕ್ಕೆ ಆರಂಭವಾಗಬಲ್ಲವು. ಬಂದ ಸಂದೇಶಗಳು ಅಲ್ಲಿಯವರೆಗೆ ಕರ್ನಲ್‌ನಲ್ಲೇ ಕಾದಿರುತ್ತವೆ. ಇವು ನಿಜವಾದ ಲಾಭಗಳು, ಮತ್ತು ಇವನ್ನು ಅಲ್ಲಗಳೆಯುವ ಟೀಕೆಗೆ ನನ್ನ ಒಪ್ಪಿಗೆಯಿಲ್ಲ.

ಎಲ್ಲವನ್ನೂ ಒಂದೇ ಪ್ರಕ್ರಿಯೆಯೊಳಗೆ ತುರುಕಲಾಗಿದೆ ಎಂಬ ಆಕ್ಷೇಪವೂ ಸರಿಯಲ್ಲ: ಲಾಗ್ ಬರೆಯುವ ಜರ್ನಲ್‌ಡಿ, ಲಾಗಿನ್ ನೋಡಿಕೊಳ್ಳುವ ಲಾಗಿನ್‌ಡಿ ಇವೆಲ್ಲ ಪ್ರತ್ಯೇಕ ಪ್ರಕ್ರಿಯೆಗಳು. ಗಟ್ಟಿಯಾದ ಆಕ್ಷೇಪವೆಂದರೆ ಇವುಗಳ ನಡುವಿನ ಬಿಗಿಯಾದ ಹೆಣಿಗೆ. ಗ್ನೋಮ್‌ನಂಥ ಡೆಸ್ಕ್‌ಟಾಪ್ ಲಾಗಿನ್‌ಡಿಯನ್ನು ನೆಚ್ಚಿಕೊಂಡಾಗ, ಬೇರೆ ಇನಿಟ್ ಬಳಸುವವರು ಅದನ್ನು ಬಿಡಿಸಿ ಈಲಾಗಿನ್‌ಡಿ ಎಂಬ ಪ್ರತ್ಯೇಕ ತಂತ್ರಾಂಶ ಮಾಡಿಕೊಳ್ಳಬೇಕಾಯಿತು. ಸಿಸ್ಟಮ್‌ಡಿ ಲಿನಕ್ಸ್‌ಗೆ ಮಾತ್ರ ಸೀಮಿತವಾದ್ದರಿಂದ, ಇಂಥ ಅವಲಂಬನೆಯ ಭಾರ ಯುನಿಕ್ಸ್‌ನ ಇನ್ನೊಂದು ಕವಲಾದ ಬಿಎಸ್‌ಡಿ ಬಳಗದ ಮೇಲೂ ಬೀಳುತ್ತದೆ. ಆರಿಸಿಕೊಳ್ಳುವ ಸ್ವಾತಂತ್ರ್ಯ ಕಿರಿದಾದದ್ದೇ ಈ ವಾದ ಆರದಿರಲು ಕಾರಣವೆಂದು ನಾನು ಭಾವಿಸುತ್ತೇನೆ. 2014ರಲ್ಲಿ ಲಿನಕ್ಸ್ ವಿತರಣೆಯಾದ ಡೆಬಿಯನ್ನಿನ ತಾಂತ್ರಿಕ ಸಮಿತಿಯ ಮತಗಳು ಸಮನಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಆಯ್ಕೆಯಾಯಿತು. ಅದನ್ನೊಪ್ಪದವರು ಸಿಸ್ಟಮ್‌ಡಿ ಇಲ್ಲದ ಡೆವುವಾನ್ ವಿತರಣೆಯನ್ನು ಕಟ್ಟಿದರು.

ನಿಮ್ಮ ಯಂತ್ರ ಈಗ ಚೆನ್ನಾಗಿ ನಡೆಯುತ್ತಿದ್ದರೆ ತತ್ತ್ವವೊಂದಕ್ಕಾಗಿ ಬದಲಾಗಬೇಡಿ. ಬದಲಿಗೆ ಒಂದು ಸೇವೆಯನ್ನು ಹೇಗೆ ನಡೆಸಬೇಕೆಂದು ಸಿಸ್ಟಮ್‌ಡಿಗೆ ತಿಳಿಸುವ ಯುನಿಟ್ ಕಡತವನ್ನು ನೀವೇ ಬರೆದು ನೋಡಿ. ಬೇರೆ ಪದ್ಧತಿಯ ಪರಿಚಯ ಬೇಕೆನಿಸಿದರೆ, ರನ್‌ಇಟ್ ಎಂಬ ಇನಿಟ್ ಇರುವ ವಾಯ್ಡ್ ವಿತರಣೆಯನ್ನು ಅಥವಾ ಓಪನ್‌ಆರ್‌ಸಿ ಇರುವ ಆಲ್ಪೈನ್ ಅನ್ನು ವರ್ಚುವಲ್ ಯಂತ್ರದಲ್ಲಿ ಸ್ಥಾಪಿಸಿಕೊಳ್ಳಿ. ರನ್‌ಇಟ್‌ನ ಸರಳತೆ ನನಗೆ ತುಂಬ ಮೆಚ್ಚುಗೆಯಾದದ್ದು.

ಪ್ರಶ್ನೆ: ಉಬುಂಟು ವಿತರಣೆಯ ಹಳೆಯ ಇನಿಟ್ ಆದ ಅಪ್‌ಸ್ಟಾರ್ಟ್ ಏನಾಯಿತು?

ಉತ್ತರ: 2006ರಲ್ಲಿ ಬಂದ ಅಪ್‌ಸ್ಟಾರ್ಟ್, ಒಂದು ಘಟನೆ ನಡೆದೊಡನೆ ಅದಕ್ಕೆ ಹೊಂದಿಕೊಂಡ ಸೇವೆಯನ್ನು ಆರಂಭಿಸುವ ಕ್ರಮವನ್ನು ಅನುಸರಿಸಿತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6 ಕೂಡ ಅದನ್ನೇ ಬಳಸಿತ್ತು. ಡೆಬಿಯನ್ನಿನ ತೀರ್ಮಾನದ ಬೆನ್ನಲ್ಲೇ ಉಬುಂಟು ತಾನೂ ಸಿಸ್ಟಮ್‌ಡಿಗೆ ಹೋಗುವುದಾಗಿ ಘೋಷಿಸಿ, 2015ರ ಏಪ್ರಿಲ್‌ನ 15.04 ಆವೃತ್ತಿಯಲ್ಲಿ ಬದಲಾವಣೆ ಮಾಡಿತು.